ಬಾಣಂತಿಯ ಬಿಸಿನೀರು

೧೯೭೪ರ ಡಿಸೆಂಬರ್ ೯, ಸೋಮವಾರ. ಬೆಳಿಗ್ಗೆ ೧೦.೧೦ಕ್ಕೆ ಮುಂಬೈಯ ಅಂಧೇರಿ ಪೊಲೀಸ್ ಠಾಣೆಗೆ ಭೀಮರಾಯ ಎಂಬಾತ ಬರಿಗಾಲಲ್ಲಿ ಓಡಿಬಂದ.

"ನನ್ನ ತಂಗೀನ ಅಕಿ ಗಂಡ ನೀರಾಗ ಮುಳುಗಿಸಿ ಕೊಂದಾನ್ರಿ ಸಾಹೇಬ್ರ!"

ಇನ್ಸ್‌ಪೆಕ್ಟರ್ ಸಿದ್ದಲಿಂಗಪ್ಪ ಚಹಾದ ಕಪ್ಪು ಕೆಳಗಿಟ್ಟರು. ಸತ್ತವಳು ಶೀಲಾವತಿ, ಹದಿಮೂರು ದಿನದ ಬಾಣಂತಿ ಎಂದು ಭೀಮರಾಯ ಹೇಳಿದ. ಆಂಟಾಪ್ ಹಿಲ್‌ನ ಕ್ವಾರ್ಟರ್ಸಿನಲ್ಲಿ ಸಿದ್ದಲಿಂಗಪ್ಪನವರ ಮಗಳೂ ಒಂಬತ್ತು ದಿನದ ಬಾಣಂತಿ. ಎಫ್‌ಐಆರ್ ಬರೆಸಿ, ಹೆಡ್ ಕಾನ್‌ಸ್ಟೇಬಲ್ ಈರಣ್ಣನೊಡನೆ ಜೀಪು ಹತ್ತಿದರು.

ಶೀಲಾವತಿಯ ಗಂಡ ಬಂಡೆಪ್ಪ ಬಿಲ್ಡಿಂಗ್ ಕಂತ್ರಾಟದಾರ. ಅಮೆರಿಕದಿಂದ ಹಡಗಿನಲ್ಲಿ, ಹೀಟರ್ ಜೋಡಿಸಿದ ಮರದ ಸ್ನಾನದ ಟಬ್ಬು ತರಿಸಿದ್ದ. ಊರಿನ ಚಾಳುಗಳಲ್ಲಿ ಒಂದು ಕೊಡ ನೀರಿಗೆ ಹೆಂಗಸರು ಜಡೆ ಹಿಡಿದು ಬಡಿದಾಡುವಾಗ, ಈ ಪುಣ್ಯಾತ್ಮನಿಗೆ ಕುತ್ತಿಗೆಮಟ ಬಿಸಿನೀರು!

೧೦.೫೦ಕ್ಕೆ ಬಂಡೆಪ್ಪನ ಮನೆಯಲ್ಲಿ ಪಂಚನಾಮೆ ಶುರುವಾಯಿತು. ಹೀಟರ್ ಬಂದ್ ಆಗಿತ್ತು. ಅದರ ಗುಂಡಿ ನೂರು ಡಿಗ್ರಿ ಫ್ಯಾರನ್‌ಹೀಟಿನಿಂದ ಮೇಲೆ ತಿರುಗುವುದೇ ಇಲ್ಲ. ಆದರೆ ನೀರಿನಲ್ಲಿದ್ದ ಥರ್ಮಾಮೀಟರು ಇನ್ನೂ ನೂರಾ ಆರು ತೋರಿಸುತ್ತಿತ್ತು. ಗೋಡೆಯ ಮೇಲಿನ ಇಂಗ್ಲಿಷ್ ಪಟ್ಟಿಯನ್ನು ಈರಣ್ಣ ತಡವರಿಸುತ್ತ ಓದಿ ಹೇಳಿದ: ಮೈ ತೊಳೆದುಕೊಂಡು ಇಳಿಯಬೇಕು, ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರಬಾರದು, ಒಬ್ಬರೇ ಇರಬಾರದು, ಹೆರಿಗೆಯಾದವರು ಡಾಕ್ಟರನ್ನು ಕೇಳದೆ ಇಳಿಯಲೇಬಾರದು.

"ಯಾವಾಗ ನೋಡಿದಿ?" ಸಿದ್ದಲಿಂಗಪ್ಪ ಬಂಡೆಪ್ಪನನ್ನು ಕೇಳಿದರು.

"ಒಂಬತ್ತೂವರಿಗ್ರಿ. ಕರದ್ರ ಓ ಅನ್ನಲಿಲ್ಲ. ಟಬ್ಬಿನ ಮ್ಯಾಲಿನ ಕಂಬಳಿ ತಗದ್ರ... ಮುಖ ನೀರಾಗಿತ್ತು."

"ಕಂಬಳಿ ಯಾರು ಹೊಚ್ಚಿದ್ರು?"

"ಗೊತ್ತಿಲ್ರಿ."

ಅಡುಗೆಮನೆಯಲ್ಲಿ ಎರಡು ಸೀಮೆಎಣ್ಣೆ ಸ್ಟವ್, ಪಕ್ಕದಲ್ಲಿ ಒದ್ದೆ ಹಂಡೆ.

"ಇಷ್ಟು ನೀರು ಕಾಸಿದ್ದು ಯಾರು?"

"ಬಾಣಂತಿಗಿ ನೀರು ಹಾಕಾಕಿ, ಸುಂದ್ರವ್ವ. ಎಂಟೂವರಿಗೇ ಹೋದ್ಳಲ್ರಿ! ಮಧ್ಯಾಹ್ನಕ್ಕ ಆಂಟಾಪ್ ಹಿಲ್‌ನಾಗ ಯಾರೋ ಪೊಲೀಸ್ ಸಾಹೇಬ್ರ ಮಗಳಿಗೂ ನೀರು ಹಾಕ್ತಾಳಂತ."

ಸಿದ್ದಲಿಂಗಪ್ಪ ಜೀಪಿನತ್ತ ಓಡಿದರು. ಮುಂಬೈಯಲ್ಲಿ ನಮ್ಮ ಕಡೆಯ ಬಾಣಂತಿಯರಿಗೆ ನೀರು ಹಾಕುವವರು ಬೆರಳೆಣಿಕೆಯಷ್ಟು. ಈ ಸುಂದ್ರವ್ವನನ್ನು ಅವರ ಹೆಂಡತಿಯೇ ಹುಡುಕಿ ಗೊತ್ತುಮಾಡಿದ್ದಳು. ದಾರಿಯುದ್ದಕ್ಕೂ ಕಂಡ ಕಂಡ ದೇವರಿಗೆಲ್ಲ ಕೈ ಮುಗಿದರು.

೧೨.೦೫. ಮನೆಯ ಬಚ್ಚಲಿನ ಬಾಗಿಲ ಸಂದಿಯಿಂದ ಹಬೆ ಬರುತ್ತಿತ್ತು. ಒಳಗೆ ಮಗಳು ಚೀರುತ್ತಿದ್ದಳು: "ಯವ್ವಾ, ಉರೀತದ!"

"ನಿಲ್ಲಸು!" ಎಂದು ಅಬ್ಬರಿಸಿದರು. ಹೆಂಡತಿ ಗಾಬರಿಯಿಂದ ಒಳಗೆ ಹೋಗಿ ಮಗಳಿಗೆ ಸೀರೆ ಸುತ್ತಿ ಹೊರಗೆ ಕರೆತಂದಳು. ಬೆನ್ನು ಕೆಂಪಾಗಿತ್ತು, ಜೀವ ಇತ್ತು. ಸಿದ್ದಲಿಂಗಪ್ಪ ಬಕೆಟಿಗೆ ಬೆರಳದ್ದಿ ಚಟ್ಟನೆ ಹಿಂದೆಗೆದರು.

"ಶೀಲಾವತಿಗಿ ಏನ್ ಮಾಡಿದಿ?" ಎಂದು ತಂಬಿಗೆ ಹಿಡಿದು ನಿಂತ ಸುಂದ್ರವ್ವನನ್ನು ಕೇಳಿದರು.

"ಟಬ್ಬಿನಾಗ ಕುಂಡ್ರಿಸಿದೆ. ಬಿಸಿ ಸಾಲಲಿಲ್ಲ, ಎರಡು ಹಂಡೆ ಕುದಿನೀರು ಸುರದೆ. ಚಲೋ ಬೆವರ್ಲಿ ಅಂತ ಕುತ್ತಿಗಿಮಟ ಕಂಬಳಿ ಹೊಚ್ಚಿ ಲೋಕಲ್ ರೈಲು ಹಿಡದೆ. ಯಾಕ್ರಿ?"

"ಮೂರ್ಛೆ ಬಂದು ಮುಳುಗಿ ಸತ್ತಾಳ."

ಸುಂದ್ರವ್ವ ತಂಬಿಗೆ ಕೆಳಗಿಟ್ಟಳು. "ಕೂಸಿಗಿ ಹಾಲು ಯಾರು ಕುಡಸ್ತಾರ್ರಿ?" ಎಂದಳು.

ಅಜಾಗರೂಕತೆಯಿಂದ ಸಾವಿಗೆ ಕಾರಣಳಾದಳೆಂದು ಕಲಂ ೩೦೪ಎ ಅಡಿ ೧೨.೨೦ಕ್ಕೆ ಅವಳನ್ನು ಬಂಧಿಸಲಾಯಿತು. ಬಂಡೆಪ್ಪನ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು.

ಠಾಣೆಯಲ್ಲಿ ಹೇಳಿಕೆ ಕೊಡುವಾಗ ಅವಳು ಅಳಲಿಲ್ಲ. ಹೋದ ವರ್ಷ ಸೀಮೆಎಣ್ಣೆ ಸಿಗದೆ ಸ್ವಂತ ಮಗಳು ಭಾಗವ್ವನಿಗೆ ಉಗುರುಬೆಚ್ಚಗಿನ ನೀರೇ ಹಾಕಿದ್ದಳಂತೆ. ಹೆರಿಗೆಯಾದ ಒಂಬತ್ತನೆಯ ದಿನ ಜ್ವರ ಬಂದು ಮಗಳು ತೀರಿಹೋದಳಂತೆ. "ಅವತ್ತೇ ಆಣಿ ಮಾಡೀನ್ರಿ, ಯಾರ ಮಗಳಿಗೂ ತಣ್ಣನ್ನ ನೀರು ಹಾಕಂಗಿಲ್ಲಂತ. ಕುದಿನೀರು ಸುರದ ಮ್ಯಾಲೂ ಕೈ ಹಾಕಿ ನೋಡೀನಿ. ಬೆಚ್ಚಗಿತ್ತಷ್ಟ."

ಸಿದ್ದಲಿಂಗಪ್ಪನವರಿಗೆ ಸಿಟ್ಟು ಬಂದಿತ್ತು. ಎಂಥ ಸುಳ್ಳು!

ಈರಣ್ಣ ಮಸಿ ಹಚ್ಚಿ ಹೆಬ್ಬೆಟ್ಟು ಒತ್ತಿಸಿದ. ಕಾಗದದ ಮೇಲೆ ಬರೀ ಕಪ್ಪು ಮಚ್ಚೆ ಬಿತ್ತು. ಮತ್ತೆ ಒತ್ತಿಸಿದ, ಬಲಗೈ, ಎಡಗೈ. ಒಂದು ಗೆರೆಯೂ ಮೂಡಲಿಲ್ಲ. ಸಿದ್ದಲಿಂಗಪ್ಪ ಅವಳ ಅಂಗೈ ತಿರುಗಿಸಿ ನೋಡಿದರು. ಮೂವತ್ತು ವರ್ಷ ಕುದಿನೀರಲ್ಲಿ ಬೆಂದು ಬೆರಳುಗಳೆಲ್ಲ ಸವೆದು ನುಣ್ಣಗಾಗಿದ್ದವು. ಪೆನ್ನಿನ ತುದಿಯಿಂದ ಮೆಲ್ಲಗೆ ಚುಚ್ಚಿದರು. ಅವಳಿಗೆ ತಿಳಿಯಲೇ ಇಲ್ಲ. ಕಿಟಕಿಯಾಚೆ ನೋಡುತ್ತಲೇ ಇದ್ದಳು.