ಸಾಕವ್ವನ ಮಸಿಯ ಸೋಗು

ಬಹಳ ಹಿಂದೆ, ಮರಗಿಡಗಳೂ ಕರೆದರೆ ಓಗೊಡುತ್ತಿದ್ದ ಕಾಲದಲ್ಲಿ, ಬಿಲ್ಲುಕಣಿವೆ ಎಂಬ ರಾಜ್ಯವಿತ್ತು. ಮಳೆಗಾಲ ಕಳೆದು ಮಹಾನವಮಿ ಮುಗಿದ ಮರುದಿನ ಅಲ್ಲಿ ಸೋಗಿನ ಹಬ್ಬ. ಅವತ್ತು ಸೋಗು ಹಾಕಿದವರು ರಾಜನೆದುರು ನಿಂತು ಬಾಯಿಗೆ ಬಂದಂತೆ ಬೈಯಬಹುದು. ಬೈದವರನ್ನು ಯಾರೂ ಮುಟ್ಟುವಂತಿಲ್ಲ. ರಾಜ ಎದ್ದು ಹೋಗುವಂತಿಲ್ಲ. ಹೊತ್ತು ಮುಳುಗುವುದರೊಳಗೆ ಅವನು ತನ್ನ ತಪ್ಪು ಸರಿಮಾಡಬೇಕು. ವರ್ಷವೆಲ್ಲ ತಲೆ ತಗ್ಗಿಸಿ ನಡೆಯುವವರಿಗೆ ಒಂದು ದಿನವಾದರೂ ಬಾಯಿ ಇರಲಿ ಎಂದು ಹಿರಿಯರು ಮಾಡಿದ್ದ ಕಟ್ಟಳೆ ಅದು.

ಹೊಸದಾಗಿ ಪಟ್ಟವೇರಿದ ಮಣಿಕುಂಡಲ ರಾಜನಿಗೆ ಈ ಹಬ್ಬವೆಂದರೆ ಮೈಯುರಿ. ನಿಲ್ಲಿಸಿಬಿಡುತ್ತೇನೆ ಎಂದು ಹಾರಾಡಿದ. ಆಸ್ಥಾನದ ಮಾಂತ್ರಿಕ ಕಪಾಲಿಗ ನಕ್ಕ.

“ನಿಲ್ಲಿಸಿದರೆ ದಂಗೆಯೇಳುತ್ತಾರೆ, ಪ್ರಭು. ಹಬ್ಬ ನಡೆಯಲಿ. ಮುಖವಾಡ ಮಾತ್ರ ನಾವೇ ಕೊಡೋಣ, ಬಿಟ್ಟಿಯಾಗಿ. ಅದರೊಳಗಿಂದ ಬೈದರೆ ಹೊರಗೆ ಹೊಗಳಿಕೆ ಕೇಳಿಸುತ್ತದೆ. ಜನ ಹೇಳಲಾಗದೆ ನುಂಗಿಕೊಂಡ ಮಾತೆಲ್ಲ ನನ್ನ ಮಂತ್ರಕ್ಕೆ ಬಲವಾಗುತ್ತದೆ.”

ಜನ ಮುಗಿಬಿದ್ದರು! ಸೋರೆಬುರುಡೆ ಕೊರೆದು, ಹಳೆಯ ಸೀರೆ ಹರಿದು, ಮನೆಯಲ್ಲೇ ಸೋಗು ಮಾಡಿಕೊಳ್ಳುತ್ತಿದ್ದವರು ಅದನ್ನೆಲ್ಲ ತಿಪ್ಪೆಗೆಸೆದು ಅರಮನೆಯ ಬಾಗಿಲಲ್ಲಿ ಕೈ ಚಾಚಿದರು. ಬಿಟ್ಟಿ ಸಿಕ್ಕಿತೆಂದರೆ ಏಕೆ ಕೊಟ್ಟರು ಎಂದು ಒಬ್ಬರಾದರೂ ಕೇಳಬೇಡವೇ? ನೆನೆದರೆ ನನಗೆ ಈಗಲೂ ಮೈ ಪರಚಿಕೊಳ್ಳುವಂತಾಗುತ್ತದೆ.

ಆ ಊರಲ್ಲಿ ಬುಟ್ಟಿ ಹೆಣೆಯುವ ಸಾಕವ್ವ ಎಂಬವಳಿದ್ದಳು. ತಾಯಿಯಿಲ್ಲದ ತಮ್ಮ ಮುದ್ದನನ್ನು ಎತ್ತಿ ಬೆಳೆಸಿದವಳು ಅವಳೇ. ಮುದ್ದ ಆಳೆತ್ತರ ಬೆಳೆದು ದುಡಿಯತೊಡಗಿದ್ದ. ಒಮ್ಮೆ ರಾಜನ ಪಲ್ಲಕ್ಕಿ ಎದುರಾದಾಗ ಅವನ ತಲೆಯ ಮೇಲೆ ಬಿದಿರಿನ ಹೊರೆಯಿತ್ತು, ಬಗ್ಗಲಾಗಲಿಲ್ಲ. ಅಷ್ಟಕ್ಕೇ ಕಪಾಲಿಗ ಮಂತ್ರದ ನೀರೆರಚಿ ಅವನನ್ನು ಹುಲಿ ಮಾಡಿ ಅರಮನೆಯ ಬಾಗಿಲಿಗೆ ಕಟ್ಟಿದ. ಅಲ್ಲಿ ಇನ್ನೂ ಎಷ್ಟೋ ಹುಲಿಗಳಿದ್ದವು, ಎಲ್ಲವೂ ಯಾರದೋ ಮನೆಯ ಮಕ್ಕಳೇ. ಸೋಗಿನ ಹಬ್ಬದ ಹೊತ್ತು ಮುಳುಗುವುದರೊಳಗೆ ಬಿಡುಗಡೆಯಾಗದಿದ್ದರೆ ಸಾಯುವವರೆಗೂ ಅವರು ಹುಲಿಗಳೇ.

ಹಬ್ಬದ ದಿನ ಸಾಕವ್ವ ಎಲ್ಲರಂತೆ ಅರಮನೆಯ ಮುಖವಾಡ ತೊಟ್ಟು ರಾಜನೆದುರು ನಿಂತಳು. “ಪಾಪಿ, ನನ್ನ ತಮ್ಮನ್ನ ಬಿಡು!” ಎಂದು ಕೂಗಿದಳು. ಹೊರಗೆ ಕೇಳಿಸಿದ್ದು, “ಪುಣ್ಯವಂತ, ನನ್ನ ತಮ್ಮನ್ನ ಇಟ್ಟುಕೋ!”

“ಆಗಲಿ, ಇಟ್ಟುಕೊಂಡೆ,” ಎಂದ ರಾಜ. ಆಸ್ಥಾನವೆಲ್ಲ ಹೊಟ್ಟೆ ಹಿಡಿದು ನಕ್ಕಿತು.

ಸಾಕವ್ವನಿಗೆ ರಕ್ತ ಕುದಿಯಿತು. ಮುಖವಾಡ ಕಿತ್ತು ನೆಲಕ್ಕೆ ಬಡಿದು ಬರಿಯ ಮುಖದಲ್ಲೇ ಬೈದಳು. ಮಾತೇನೋ ಸರಿಯಾಗಿ ಕೇಳಿಸಿತು. ಆದರೆ ಕಟ್ಟಳೆ ಕಾಯುವುದು ಸೋಗು ಹಾಕಿದವರನ್ನು ಮಾತ್ರ. ಭಟರು ಅವಳನ್ನು ಹೊಡೆದು, ಎಳೆದೊಯ್ದು, ಹಬ್ಬದ ಅಡುಗೆ ನಡೆದಿದ್ದ ಚಪ್ಪರದ ಹಿಂದೆ ಬಿಸಾಡಿದರು. ಹೊತ್ತು ಇಳಿಯುತ್ತಿತ್ತು.

ಅಲ್ಲಿ ದೊಡ್ಡ ಹಂಡೆಗಳನ್ನು ಬೋರಲು ಹಾಕಿದ್ದರು. ಸಾಕವ್ವ ಹಂಡೆಯ ತಳಕ್ಕೆ ಕೈಯೊರೆಸಿದಳು. ಚೆಲ್ಲಿದ್ದ ಅರಿಸಿನವನ್ನು ಮುಖಕ್ಕೆ ಬಳಿದುಕೊಂಡು, ಅದರ ಮೇಲೆ ಮಸಿಯಿಂದ ಪಟ್ಟೆ ಎಳೆದಳು. ತಮ್ಮ ಹುಲಿಯಾದರೆ ತಾನೂ ಹುಲಿಯೇ ಎಂದು ಮತ್ತೆ ರಾಜನೆದುರು ಹೋದಳು.

“ಏನಯ್ಯಾ ಮಣಿಕುಂಡಲ, ನಿನ್ನ ಪಲ್ಲಕ್ಕಿ ಹೊರೋರು ನಾವು, ನಿನ್ನ ಕಸ ಬಳಿಯೋರು ನಾವು. ಹೊರೆ ಹೊತ್ತ ಹುಡುಗ ಬಗ್ಗಲಿಲ್ಲ ಅಂತ ಅವನನ್ನ ಮೃಗ ಮಾಡಿದೆಯಲ್ಲೋ! ನೀನು ಹುಟ್ಟಿದ ಮೇಲೆ ಒಂದು ಬುಟ್ಟಿ ಮಣ್ಣಾದ್ರೂ ಎತ್ತಿದ್ದೀಯಾ? ನಿನ್ನ ಮೊಕಕ್ಕೆ ಬೆಂಕಿ ಹಾಕ!”

ಆಸ್ಥಾನದ ನಗು ನಿಂತಿತು.

“ಮಸಿ ಬಳಿದುಕೊಂಡರೆ ಸೋಗಾಗದು! ಹುಲಿ ಬಿಡಿ!” ಎಂದು ಕಿರುಚಿದ ಕಪಾಲಿಗ.

ಬೇಕೆಂದೇ ಮುದ್ದನ ಸರಪಳಿಯನ್ನೇ ಬಿಚ್ಚಿದರು. ಹುಲಿ ಹಲ್ಲು ಕಿರಿದು ಹಾರಿ ಬಂತು. ಸಾಕವ್ವ ಕದಲಲಿಲ್ಲ.

“ಯಾರ ಮೇಲೆ ಬರ್ತೀಯೋ, ಮುದ್ದಾ? ನಿನಗೆ ಉಣ್ಣಿಸಿದ ಕೈ ಇದು. ತಿನ್ನು ನೋಡೋಣ!”

ಹುಲಿ ಅವಳ ಕೈ ಮೂಸಿತು. ಆಮೇಲೆ ತಿರುಗಿ, ಅವಳ ಪಕ್ಕದಲ್ಲೇ ನಿಂತು ರಾಜನ ಕಡೆಗೆ ಗುರುಗುಟ್ಟಿತು.

ಅದನ್ನು ಕಂಡ ಹಣ್ಣುಹಣ್ಣು ಮುದುಕಿ ಸಿದ್ದಜ್ಜಿ ತನ್ನ ಮುಖವಾಡ ಕಿತ್ತೆಸೆದಳು. “ಕೊಡೇ ಮಗಳೇ, ನನಗೂ ಒಂದಿಷ್ಟು ಮಸಿ,” ಎಂದು ಸಾಕವ್ವನ ಕೆನ್ನೆಯಿಂದಲೇ ತೆಗೆದು ಬಳಿದುಕೊಂಡಳು. “ನನ್ನ ಮೊಮ್ಮಗ ಎಲ್ಲೋ, ದರಿದ್ರದವನೇ?” ಎಂದು ರಾಜನನ್ನು ಕೇಳಿದಳು.

ಆಮೇಲೆ ಯಾರು ಯಾರನ್ನು ತಡೆದಾರು? ಊರಿಗೆ ಊರೇ ಹಂಡೆಗಳತ್ತ ಓಡಿತು. ಕುರಿ ಕಳಕೊಂಡವರು, ಹೊಲ ಕಳಕೊಂಡವರು, ಮಕ್ಕಳನ್ನು ಕಳಕೊಂಡವರು, ವರ್ಷಗಟ್ಟಲೆ ನುಂಗಿದ್ದನ್ನೆಲ್ಲ ರಾಜನ ಮುಖಕ್ಕೇ ಹೇಳಿದರು. ಒಂದೊಂದು ಮಾತು ಹೊರಬಿದ್ದಂತೆಯೂ ಕಪಾಲಿಗ ಕುಗ್ಗಿದ. ಮೊದಲು ಮೊಣಕಾಲೆತ್ತರವಾದ, ಆಮೇಲೆ ಗೇಣುದ್ದವಾದ, ಕೊನೆಗೆ ಅವನ ನಿಲುವಂಗಿಯೊಳಗೆ ಯಾರೂ ಇರಲಿಲ್ಲ. ಬಾಗಿಲಿನ ಹುಲಿಗಳೆಲ್ಲ ಸರಪಳಿ ಕಳಚಿ ಮನುಷ್ಯರಾಗಿ ಎದ್ದು ನಿಂತರು, ಸಾಕವ್ವನ ಪಕ್ಕದಲ್ಲಿದ್ದ ಮುದ್ದನೂ.

ಮುದ್ದ ಅಕ್ಕನನ್ನು ತಬ್ಬಿಕೊಂಡು ಅತ್ತ. ಅವಳೂ ಅತ್ತಳು, ಆದರೆ ಸಿಟ್ಟು ಇಳಿಯಲಿಲ್ಲ.

“ಹೊಟ್ಟೆಗೆ ಏನಾದ್ರೂ ಹಾಕಿದ್ರೇನೋ ಇವರು?”

“ಹಸಿ ಮಾಂಸ, ಅಕ್ಕಾ.”

ಸಾಕವ್ವ ಮತ್ತೆ ರಾಜನ ಕಡೆ ತಿರುಗಿದಳು. “ಏಳಯ್ಯಾ ಮೇಲೆ. ಎಲ್ಲರಿಗೂ ಎಲೆ ಹಾಕು. ಬಡಿಸು.”

ಹೊತ್ತು ಇನ್ನೂ ಮುಳುಗಿರಲಿಲ್ಲ. ಕಟ್ಟಳೆ ಕಟ್ಟಳೆಯೇ. ಮಣಿಕುಂಡಲ ಎದ್ದ, ಎಲೆ ಹಾಕಿದ, ಬಡಿಸಿದ. ಅನ್ನ ಚೆಲ್ಲಿದಾಗ ಅದಕ್ಕೂ ಬೈಸಿಕೊಂಡ.

ಅಂದಿನಿಂದ ಬಿಲ್ಲುಕಣಿವೆಯಲ್ಲಿ ಎಲ್ಲರೂ ಸುಖವಾಗಿ ಬಾಳಿದರು. ರಾಜನೂ ಸುಖವಾಗಿದ್ದನೇ ಎಂದು ಅಲ್ಲಿ ಯಾರೂ ಕೇಳಲಿಲ್ಲ, ನೀವೂ ಕೇಳಬೇಡಿ.