ಮಾರ್ಗೌರಿ ಹಾರಿಸಿದ ಕುಶಾಲತೋಪು

ಮಣಿಗೇರಿಯ ಕೋಟೆ ಎಷ್ಟು ಎತ್ತರವಿತ್ತೆಂದರೆ, ಅದನ್ನು ದಾಟಲು ಹೊರಟ ಕಾಗೆಗಳು ನಡುವೆ ಒಮ್ಮೆ ಬುರುಜಿನ ಮೇಲೆ ಕುಳಿತು ದಣಿವಾರಿಸಿಕೊಂಡೇ ಮುಂದುವರಿಯುತ್ತಿದ್ದವು. ನಂಬದವರು ಕಾಗೆಗಳನ್ನೇ ವಿಚಾರಿಸಿಕೊಳ್ಳಬಹುದು. ಆ ರಾಜಧಾನಿಯ ಮೆಣಸಿನ ಪೇಟೆಯ ಘಾಟಿಗೆ ನಡುಗಡಲಿನ ನಾವಿಕರೂ ಸೀನುತ್ತಿದ್ದರಂತೆ. ಆದರೆ ನಾನು ಹೇಳಹೊರಟ ದಿನಗಳಲ್ಲಿ ಅಲ್ಲಿ ಸೀನುವಷ್ಟು ತ್ರಾಣವೂ ಯಾರಲ್ಲೂ ಉಳಿದಿರಲಿಲ್ಲ. ಮಳೆಗಾಲ ಮುಗಿದಂದಿನಿಂದ ಇಂಗ್ಲಿಷರ ಹಡಗುಗಳು ನದಿ ಕಡಲು ಸೇರುವ ಅಳಿವೆಯ ಹೊರಗೆ ಕಾವಲು ನಿಂತಿದ್ದವು. ಅರಮನೆಯ ಗಂಜಿಯಲ್ಲಿ ಅಗುಳು ಹುಡುಕಲು ಜೋಯಿಸರೇ ಬೇಕಾಗಿತ್ತು. ದೊರೆ ಜ್ವರದಿಂದ ತೀರಿಕೊಂಡಿದ್ದನು. ವಂಶದ ಪದ್ಧತಿಯಂತೆ ಅವನ ತಂಗಿ ಪದುಮಲದೇವಿಗೆ ಪಟ್ಟವಾಗಬೇಕಾಗಿತ್ತು.

ನಗರಕ್ಕಿದ್ದ ಆಸರೆ ಒಂದೇ: ಅಳಿವೆಯ ಬಾಯಲ್ಲಿ ಲಂಗರು ಹಾಕಿದ್ದ ಫ್ರೆಂಚ್ ಯುದ್ಧನೌಕೆ. 'ಮಾರ್ಗೋ' ಎಂದು ಅದರ ಹೆಸರು. ನಮ್ಮ ಜನ ಅರಿಸಿನ ಕುಂಕುಮವಿಟ್ಟು 'ಮಾರ್ಗೌರಿ' ಮಾಡಿಕೊಂಡಿದ್ದರು. ಪೂರ್ವದ ಕಡಲಲ್ಲಿ ಇಂಗ್ಲಿಷರೊಡನೆ ಕಾದಾಡಿ, ಹಾಯಿಮರವನ್ನೂ ಕಪ್ತಾನನನ್ನೂ ಒಂದೇ ಯುದ್ಧದಲ್ಲಿ ಕಳೆದುಕೊಂಡು, ಕುಂಟುತ್ತ ಬಂದು ಇಲ್ಲಿ ಆಶ್ರಯ ಪಡೆದಿದ್ದಳು. ಮಣಿಗೇರಿಯ ತೇಗವೇ ಅವಳಿಗೆ ಹೊಸ ಹಾಯಿಮರವಾಯಿತು. ಮೀನುಗಾರ ಖಾರ್ವಿಗಳ ಕೊಗ್ಗನೇ ಅವಳ ತಾಂಡೇಲ, ಅಂದರೆ ಹಡಗಿನ ಯಜಮಾನನಾದನು. ಉಳಿದ ಫ್ರೆಂಚರಲ್ಲಿ ಗೋತಿಯೇ ಎಂಬ ಮುದಿ ತೋಪುಗಾರನೊಬ್ಬನೇ ಕನ್ನಡ ಕಲಿತಿದ್ದನು: ಮೊದಲು ಬೈಗುಳ, ಆಮೇಲೆ ಮೀನಿನ ಹೆಸರು, ಕೊನೆಗೆ ಉಳಿದ ಭಾಷೆ.

ಪಟ್ಟಾಭಿಷೇಕದ ಮುನ್ನಾದಿನ ಒಡ್ಡೋಲಗದಲ್ಲಿ ದಳವಾಯಿ ಮಲ್ಲರಸನು ಅಪ್ಪಣೆ ಹೊರಡಿಸಿದನು. "ಕಿರೀಟ ಧರಿಸುವ ಮುಹೂರ್ತಕ್ಕೆ ಮಾರ್ಗೌರಿಯ ಸಕಲ ತೋಪುಗಳೂ ಕುಶಾಲ ಹಾರಿಸತಕ್ಕದ್ದು."

ಕುಶಾಲತೋಪಿಗೆ ಗುಂಡು ಬೇಡ, ಮದ್ದು ಮಾತ್ರ ಬೇಕು. ಹಡಗಿನಲ್ಲಿ ಉಳಿದಿದ್ದುದು ಒಂದೇ ಸುತ್ತಿನ ಮದ್ದು. ಕೋಟೆಯ ಮದ್ದಿನ ಮನೆಯ ಬೀಗದ ಕೈ ದಳವಾಯಿಯ ಸೊಂಟದಲ್ಲಿತ್ತು. ಕೊಗ್ಗನು ಕೈಮುಗಿದನು. "ಅಮ್ಮನವರೇ, ಅದನ್ನು ಸಂಭ್ರಮಕ್ಕೆ ಸುಟ್ಟರೆ, ಶತ್ರು ಬಂದಾಗ ನಾವು ತೋಪಿನ ಬಾಯಿಂದ ಕೂಗುಹಾಕಬೇಕಾದೀತು."

"ಮೀನಿನ ಬುಟ್ಟಿಯವನಿಗೆ ರಾಜಮರ್ಯಾದೆ ಏನು ಗೊತ್ತು?" ಎಂದು ದಳವಾಯಿ ನಕ್ಕನು. "ದೇವೀ, ಆ ಪರದೇಶಿ ಹಡಗಿನ ಅರ್ಧ ತೋಪುಗಳು ಇಂದಿಗೂ ಅರಮನೆಯತ್ತಲೇ ಮುಖಮಾಡಿವೆ. ಕುಶಾಲಕ್ಕೆ ಒಲ್ಲದ ಮದ್ದನ್ನು ಇವನು ಯಾರಿಗಾಗಿ ಕೂಡಿಡುತ್ತಿದ್ದಾನೆ?"

ಪದುಮಲದೇವಿ ಕೊಗ್ಗನತ್ತ ತಿರುಗಿದಳು. "ತಾಂಡೇಲರೇ, ತೋಪು ಸುಮ್ಮನಿದ್ದರೆ ನಮ್ಮ ಮದ್ದು ತೀರಿತೆಂದು ಜನ ಎದೆಗುಂದುತ್ತಾರೆ. ಹಾರಿಸಿ."

"ತಮ್ಮ ಪಟ್ಟದ ತೋಪು ಹಾರಿಯೇ ಹಾರುತ್ತದೆ, ತಾಯಿ," ಎಂದು ಕೊಗ್ಗನು ನೆಲಮುಟ್ಟಿ ನಮಸ್ಕರಿಸಿದನು. ಯಾವಾಗ ಎಂದು ಮಾತ್ರ ಹೇಳಲಿಲ್ಲ.

ಹಡಗಿಗೆ ಮರಳಿದವನೇ ಊರ ಕಡೆಯ ತೋಪುಗಳನ್ನೆಲ್ಲ ಕಡಲ ಕಡೆಗೆ ಎಳೆಸತೊಡಗಿದನು.

"ಹುಚ್ಚಾ!" ಎಂದು ಗೋತಿಯೇ ಅರಚಿದನು. "ಒಂದೇ ಕಡೆ ಇಷ್ಟು ಭಾರ! ಹಡಗು ವಾಲುತ್ತದೆ!"

"ವಾಲಲಿ, ಸಾಯೇಬ. ಇರುವುದು ಒಂದೇ ಸುತ್ತು. ಅದೆಲ್ಲ ಒಂದೇ ಕಡೆಗೆ ಹೋಗಲಿ. ಇನ್ನು ಮೇಲೆ ಊರ ಕಡೆ ಒಂದು ತೋಪೂ ಬೇಡ."

"ನಾಳೆ ನಿನ್ನ ತಲೆ ಹೋಗುತ್ತದೆ."

"ಹೋಗಲಿ, ಅದರೊಳಗೆ ಅಂಥದ್ದೇನೂ ಇಲ್ಲ ಅಂತ ನೀನೇ ದಿನಾ ಬೈಯುತ್ತೀಯಲ್ಲ. ಆದರೆ ದ್ರೋಹಿ ಅನ್ನಿಸಿಕೊಂಡು ಹೋಗಬಾರದು, ನೋಡು. ಅದೊಂದೇ ಸಂಕಟ."

ಮುಹೂರ್ತ ಬಂದಿತು. ಮಂಗಳವಾದ್ಯ ಮೊಳಗಿತು, ಕಿರೀಟ ಶಿರವನ್ನೇರಿತು, ಸಮಸ್ತ ನಗರವೂ ಅಳಿವೆಯತ್ತ ಕಿವಿಗೊಟ್ಟಿತು. ಮಾರ್ಗೌರಿಯಿಂದ ಸದ್ದಿಲ್ಲ. ಕಡಲ ಕಡೆಗೆ ವಾಲಿಕೊಂಡು, ಮುನಿಸಿಕೊಂಡ ಸೊಸೆಯಂತೆ ಊರಿಗೆ ಬೆನ್ನು ಹಾಕಿ ನಿಂತಿದ್ದಳು.

"ರಾಜದ್ರೋಹ! ಪಲಾಯನಕ್ಕೆ ಸಿದ್ಧವಾಗಿದ್ದಾನೆ!" ಎಂದು ಗರ್ಜಿಸಿದ ದಳವಾಯಿಯು ಯಾರ ಅಪ್ಪಣೆಗೂ ಕಾಯದೆ ಕೋಟೆಯ ತೋಪುಗಳನ್ನು ಮಾರ್ಗೌರಿಯ ಮೇಲೆಯೇ ಸಿಡಿಸಿದನು. ತೇಗದ ಹಾಯಿಮರ ಮುರಿಯಿತು. ಖಾರ್ವಿಗಳೂ ಫ್ರೆಂಚರೂ ಒಂದೇ ಹಲಗೆಯ ಮೇಲೆ ಒರಗಿದರು. "ನಿಮ್ಮವರು ಇಂಗ್ಲಿಷರಿಗಿಂತ ಚೆನ್ನಾಗಿ ಗುರಿಯಿಡುತ್ತಾರೆ!" ಎಂದು ರಕ್ತ ಒರೆಸಿಕೊಳ್ಳುತ್ತ ಗೋತಿಯೇ ಬೈದನು. ಕೊಗ್ಗನು ಒಂದು ಬತ್ತಿಗೂ ಬೆಂಕಿ ಮುಟ್ಟಿಸಗೊಡಲಿಲ್ಲ.

ಗುಡ್ಡದ ಮರೆಯಲ್ಲಿದ್ದ ಇಂಗ್ಲಿಷರಿಗೆ ಕಾಣುತ್ತಿದ್ದುದು ಹೊಗೆ, ಕೇಳುತ್ತಿದ್ದುದು ಸದ್ದು. ಕುಶಾಲತೋಪು ನಿಂತ ಕೂಡಲೇ ಬನ್ನಿ, ಆಗ ಆ ಹಡಗು ಬರಿದಾಗಿರುತ್ತದೆ ಎಂದು ಸಿಂಹಾಸನದ ಆಸೆಗೆ ಅವರಿಗೆ ಗುಟ್ಟಾಗಿ ಹೇಳಿಕಳಿಸಿದವನು ಮಲ್ಲರಸನೇ. ತನ್ನ ಕೋಪದ ತೋಪೇ ಅವರಿಗೆ ಕುಶಾಲವಾಗಿ ಕೇಳಿಸೀತೆಂದು ಮಹಾಶಯನಿಗೆ ಹೊಳೆಯಲಿಲ್ಲ. ಸದ್ದು ನಿಂತಿತು, ಅವರು ಬಂದರು. ಮದುವೆಗೆ ಬಂದವರಂತೆ, ತೋಪಿನ ಕಂಡಿಗಳ ಮುಚ್ಚಳವನ್ನೂ ತೆರೆಯದೆ, ಮೊದಲ ಹಡಗು ಮಾರ್ಗೌರಿಯ ಮಗ್ಗುಲಿಗೇ ಬಂದಿತು.

ಆಗ ಹಾರಿತು ಪಟ್ಟದ ತೋಪು, ಗುಂಡಿನ ಸಮೇತ.

ಆ ಸದ್ದಿಗೆ ಘಟ್ಟದ ಮೇಲಿನ ಹಸುಗಳು ಒಂದು ವಾರ ಹಾಲು ಕೊಡಲಿಲ್ಲವೆನ್ನುತ್ತಾರೆ. ಶತ್ರುವಿನ ಹಡಗು ಸೀಳಿ ಮುಳುಗಿತು. ಹಿಂದಿನವು ತಿರುಗಿನಿಂತು ಸಿಟ್ಟು ತೀರಿಸಿಕೊಳ್ಳತೊಡಗಿದವು. ಇನ್ನು ಮದ್ದಿಲ್ಲ. ಕೊಗ್ಗನು ಉಳಿದವರನ್ನೆಲ್ಲ ನೀರಿಗೆ ಧುಮುಕಿಸಿ, ತಾನೊಬ್ಬನೇ ಚುಕ್ಕಾಣಿ ಹಿಡಿದು, ಲಂಗರಿನ ಹಗ್ಗ ಕಡಿದನು. ಕಡಲಿನ ಇಳಿತದ ಸೆಳವಿಗೆ ಸರಿದ ಮಾರ್ಗೌರಿ ಅವನ ಸಮೇತ ಅಳಿವೆಯ ದಾರಿಗೆ ಅಡ್ಡಲಾಗಿ ಮಗುಚಿಕೊಂಡಳು. ಆಮೇಲೆ ದೋಣಿಗೂ ಒಳದಾರಿ ಉಳಿಯಲಿಲ್ಲ.

ಬುರುಜಿನ ಮೇಲೆ ದೇವಿ ನಿಧಾನವಾಗಿ ತಿರುಗಿದಳು. "ಕಂಡಿ ಮುಚ್ಚಿಕೊಂಡು ಬಂದರಲ್ಲ, ದಳವಾಯಿಗಳೇ. ನಮ್ಮ ತೋಪು ಬರಿದಾಗಿದೆಯೆಂದು ಅವರಿಗೆ ಯಾರು ಹೇಳಿದರು?"

ಕಾವಲಿನವರು ಮಲ್ಲರಸನ ಕತ್ತಿ ಬಿಚ್ಚಿಕೊಂಡರು.

ನೀರು ಪೂರ್ತಿ ಇಳಿದ ಮೇಲೆ ಪದುಮಲದೇವಿ ಕಿರೀಟ ತೆಗೆದಿಟ್ಟು, ಬರಿಗಾಲಲ್ಲಿ ಮರಳು ದಿಬ್ಬದ ಮೇಲೆ ನಡೆದು ಹಡಗಿನ ಬಳಿಗೆ ಹೋದಳು. ಊರ ಕಡೆಯ ಕಂಡಿಗಳ ಮುಚ್ಚಳಗಳೆಲ್ಲ ಕೋಟೆಯ ಗುಂಡಿಗೆ ಒಡೆದಿದ್ದವು. ಒಂದರ ಹಿಂದೆಯೂ ತೋಪಿರಲಿಲ್ಲ.

ದಡದಲ್ಲಿ ಒದ್ದೆಯಾಗಿ ಕುಳಿತಿದ್ದ ಗೋತಿಯೇ ತಲೆಯೆತ್ತಲಿಲ್ಲ. "ವಾಲುತ್ತದೆ ಅಂದೆ, ಅಮ್ಮಾ. ವಾಲಲಿ ಅಂದ."

ಹೊಸದಾಗಿ ಮುದ್ರೆಯುಂಗುರ ತೊಟ್ಟ ಕೈಯನ್ನು ದೇವಿ ಒಂದು ಖಾಲಿ ಕಂಡಿಯೊಳಗೆ ಚಾಚಿದಳು. ಒಳಗೆ ಕಡಲ ನೀರು ತಣ್ಣಗಿತ್ತು.