ಬಾನೆಟ್ಟಿನ ಎರಡು ಪಾಲು

"ಚಂದ್ರಕಲಾ ಅವರ, ಈ ಭಾನುವಾರ ಕಾರು ಜರಾ ಛಂದ ಮಿಂಚಬೇಕ್ರಿ. ಯವ್ವನ್ನ ಕರಕೊಂಡು ಮಾನ್ವಿಗೆ ಹೊಂಟೀನಿ. ಹುಡುಗಿ ನೋಡಾಕ."

ಫೋನಿನಲ್ಲಿ ಇಷ್ಟು ಹೇಳಿ ಅಮರೇಶ ಸುಮ್ಮನಾದ. ಏನನ್ನೋ ಕಾಯುವವನ ಹಾಗೆ ಸುಮ್ಮನಾದ. ಚಂದ್ರಕಲಾಳ ಕೈಯಲ್ಲಿದ್ದ ಪೈಪು ಯಾರದೋ ಜೀಪನ್ನು ಬಿಟ್ಟು ಅವಳ ಕಾಲನ್ನೇ ತೋಯಿಸತೊಡಗಿತು.

"ಆಯ್ತ್ರಿ, ಬರ್ರಿ" ಎಂದಳು. ಮತ್ತೇನು ಹೇಳಬೇಕಿತ್ತು? ಗಿರಾಕಿಯ ಕಾರು ತೊಳೆಯುವುದು ಅಂಗಡಿಯವರ ಧರ್ಮ. ಆ ಕಾರು ಆಮೇಲೆ ಯಾರ ಮನೆ ಬಾಗಿಲಲ್ಲಿ ಹೋಗಿ ನಿಲ್ಲುತ್ತದೆ ಎಂದು ಕೇಳುವ ಹಕ್ಕು ಪೈಪು ಹಿಡಿದವರಿಗೆ ಇರುವುದಿಲ್ಲ.

ರಾಯಚೂರಿನ ಲಿಂಗಸುಗೂರು ರಸ್ತೆಯಲ್ಲಿ ಅವಳ ಅಪ್ಪ ಪರಮಣ್ಣನ ವಾಟರ್ ಸರ್ವಿಸ್ ಅಂಗಡಿ. ಅಪ್ಪನಿಗೆ ಮೊಣಕಾಲು ನೋವು ಶುರುವಾದ ಮೇಲೆ ಅವನು ಬೇವಿನ ಮರದ ಕೆಳಗೆ ಪೇಪರು ಓದುವುದಕ್ಕೆ ಕೂತ, ಪಾಲಿಶು ವ್ಯಾಕ್ಸು ಎಲ್ಲ ಮಗಳ ಕೈಗೆ ಬಂತು. ಅಮರೇಶ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಟೆಕ್ನಿಶಿಯನ್. ವಾರಕ್ಕೊಮ್ಮೆ ದೇವದುರ್ಗಕ್ಕೆ, ತಾಯಿಯ ಹತ್ತಿರ ಹೋಗಿ ಬರುವವನು. ಅವನದು ಕರಿ ಕಾರು. ಬೂದಿ ಬೀಳುವ ಊರಲ್ಲಿ ಕರಿ ಕಾರು ಕೊಂಡವನಿಗೆ ಬುದ್ಧಿ ಕಡಿಮೆ ಎಂದು ಅವಳು ಮೊದಲ ದಿನವೇ ತೀರ್ಮಾನಿಸಿದ್ದಳು.

ಆ ದಿನ ಅವನು ತಾನೇ ಒಂದು ದುಂಡನೆಯ ಡಬ್ಬಿ ತಂದಿದ್ದ. ತುಪ್ಪದ ಹಾಗೆ ಗಟ್ಟಿಯಾದ ವ್ಯಾಕ್ಸು. "ಇದನ್ನ ಹಚ್ಚರಿ" ಎಂದ.

"ಇದು ಮಿಂಚತದ ಖರೇ. ನಮ್ಮ ಬಿಸಲಿಗಿ ತಡ್ಯಾಂಗಿಲ್ಲ. ಈ ಬಾಟ್ಲಿದು ಹಚ್ಚಿದ್ರ ಬಣ್ಣ ಉಳೀತದ" ಎಂದು ಅವಳು ಅಂಗಡಿಯ ವ್ಯಾಕ್ಸಿನ ಬಾಟಲಿ ಎತ್ತಿ ತೋರಿಸಿದಳು.

"ಬಾಟ್ಲಿದು ಹಚ್ಚಿದ್ರ ಪ್ಲಾಸ್ಟಿಕ್ ಕಂಡಂಗ ಕಾಣ್ತದ್ರಿ. ಕರಿ ಬಣ್ಣಕ್ಕ ಒಂದು ಆಳ ಇರಬೇಕು." ಹಾಗೆ ಹೇಳುವಾಗ ಅವನು ಕಾರಿನ ಕಡೆ ನೋಡಲೇ ಇಲ್ಲ, ಅವಳ ಕಣ್ಣು ನೋಡಿದ. ಚಂದ್ರಕಲಾ ಸರ್ರನೆ ತಿರುಗಿ ಬಟ್ಟೆ ಹಿಂಡಿದಳು, ಅದು ಒಣ ಬಟ್ಟೆ.

ಹಟಕ್ಕೆ ಹಟ. ಬಾನೆಟ್ಟಿನ ನಡುವೆ ಟೇಪು ಬಿತ್ತು. ಎಡಪಾಲಿಗೆ ಅವನ ಡಬ್ಬಿ, ಬಲಪಾಲಿಗೆ ಅವಳ ಬಾಟಲಿ. ಪ್ರತಿ ಭಾನುವಾರ ನೀರು ಸುರಿದು ನೋಡುವುದು. ವ್ಯಾಕ್ಸು ಜೀವಂತ ಇದ್ದರೆ ನೀರು ಮಣಿ ಮಣಿಯಾಗಿ ಉರುಳುತ್ತದೆ, ಸತ್ತಿದ್ದರೆ ಚಪ್ಪಟೆಯಾಗಿ ಹರಡಿ ಕೂರುತ್ತದೆ. ಯಾವ ಪಾಲು ಮೊದಲು ಸಾಯುತ್ತದೋ ಅದು ಸೋತಂತೆ, ಗೆದ್ದದ್ದನ್ನು ಇಡೀ ಕಾರಿಗೆ ಹಚ್ಚಿ ಪಂದ್ಯ ಮುಗಿಸುವುದು. ಮುಗಿದ ಮೇಲೆ ಅವನು ವಾರವಾರ ಬರುವ ಅಗತ್ಯವಿರಲಿಲ್ಲ. ಬರೀ ತೊಳೆಯುವವರು ಶಕ್ತಿನಗರದಲ್ಲಿ ಬೇಕಾದಷ್ಟಿದ್ದರು.

ಬೇಸಿಗೆ ಹತ್ತಿರ ಬಂದಂತೆ ಚಂದ್ರಕಲಾಳಿಗೆ ತನ್ನ ಗೆಲುವೇ ಭಯ ಹುಟ್ಟಿಸಿತು. ಡಬ್ಬಿ ವ್ಯಾಕ್ಸು ಇನ್ನೇನು ಕೈಕೊಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆಗ ಅವಳು ಒಂದು ಕಳ್ಳತನ ಕಲಿತಳು. ಅಮರೇಶ ಎದುರಿನ ಹೋಟೆಲಿಗೆ ಚಾ ಕುಡಿಯಲು ಹೋದಾಗ ಡಬ್ಬಿ ತೆಗೆದು ಎಡಪಾಲಿಗೆ ಸದ್ದಿಲ್ಲದೆ ಒಂದು ಕೈ ತಿಕ್ಕಿಬಿಡುವಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಅವನು ವಾಪಸು ಬಂದು ಬಾನೆಟ್ಟಿನ ಮೇಲೆ ಬಾಗಿದರೆ ಇವಳ ಎದೆ ಡವಡವ.

"ನೋಡ್ರಿ, ನಂದೂ ಗಟ್ಟಿ, ನಿಮ್ಮದೂ ಗಟ್ಟಿ" ಎನ್ನುವನು ಅವನು, ಉರುಳುವ ಮಣಿಗಳನ್ನು ನೋಡುತ್ತ. "ಹಂಗಾದ್ರ ಮುಂದಿನ ವಾರನೂ ಬರಬೇಕಾತಲ್ಲ!"

ಮುಖ ಗಂಭೀರ, ಕಣ್ಣಿನ ತುದಿಯಲ್ಲಿ ಮಾತ್ರ ನಗು. ಆ ನಗುವನ್ನು ಅವಳು ವಾರವಿಡೀ ಮನಸ್ಸಿನಲ್ಲಿ ಇಟ್ಟುಕೊಂಡು ಕಂಡವರ ಕಾರು ತೊಳೆಯುತ್ತಿದ್ದಳು.

ಈಗ ನೋಡಿದರೆ ಮಾನ್ವಿ!

ಭಾನುವಾರ ಬೆಳಿಗ್ಗೆ ಅವಳು ತಲೆಗೆ ಮಲ್ಲಿಗೆ ಮುಡಿದಳು, ನಾಚಿಕೆಯಾಗಿ ತೆಗೆದಳು, ಮತ್ತೆ ಮುಡಿದಳು. ಕಾರು ಬಂತು. ಅಮರೇಶ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಅವನ ತಾಯಿ ತಿಮ್ಮವ್ವ ಬುಟ್ಟಿ ಹಿಡಿದು ಇಳಿದಳು. ಬುಟ್ಟಿಯಲ್ಲಿ ಹೂವು, ಸಕ್ಕರೆ, ಕುಬಸದ ಖಣ. ಅದನ್ನು ನೋಡಿ ಚಂದ್ರಕಲಾ ಮಗ್ಗು ಹುಡುಕುವವಳ ಹಾಗೆ ಅತ್ತ ತಿರುಗಿದಳು.

"ದೇವದುರ್ಗದಿಂದ ಮಾನ್ವಿಗಿ ಸಿರವಾರ ಮ್ಯಾಲೆ ಸೀದಾ ದಾರಿ ಅದ" ತಿಮ್ಮವ್ವ ಬೇವಿನ ನೆರಳಿಗೆ ಬರುತ್ತಲೇ ದೂರಿದಳು. "ನನ್ನ ಮಗ ರಾಯಚೂರು ಸುತ್ತಿಸ್ಯಾನ. ಕಾರು ತೊಳೀಬೇಕಂತ!"

"ತೊಳೀಬೇಕಲ್ಲಬೇ, ಬೂದಿ ಕುಂತಿರತದ" ಎಂದ ಅಮರೇಶ.

"ಎಲ್ಲದ ಬೂದಿ? ಮೊನ್ನೆ ಅಮಾಸಿಗಿ ನಾನೇ ಪೂಜಿ ಮಾಡೀನಿ. ಅರಬಿ ತೊಳಿಯೋ ಪೌಡರ್ ಹಾಕಿ, ತೆಂಗಿನ ನಾರಿಲೆ ತಿಕ್ಕಿ, ಮ್ಯಾಲೆ ನಿಂಬಿಹಣ್ಣು ಉಜ್ಜಿ, ಈಬತ್ತಿ ಹಚ್ಚೀನಿ. ಇನ್ನೇನು ತೊಳೀತೀಯವ್ವ?"

ಚಂದ್ರಕಲಾ ಕಣ್ಣು ಮುಚ್ಚಿದಳು. ಬಟ್ಟೆ ಪೌಡರು, ನಾರು, ನಿಂಬೆಹಣ್ಣು! ಅಷ್ಟಾದ ಮೇಲೆ ಯಾವ ವ್ಯಾಕ್ಸೂ ಉಳಿಯುವುದಿಲ್ಲ, ಡಬ್ಬಿಯದೂ ಇಲ್ಲ, ಬಾಟಲಿಯದೂ ಇಲ್ಲ. ಎರಡು ಪಾಲೂ ಸತ್ತಿರುತ್ತವೆ. ಪಂದ್ಯ ಮುಗಿಯಿತು. ಮಾನ್ವಿಯ ಹುಡುಗಿ ಯಾರೋ ಏನೋ, ಪಾಪ, ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಕಾರಣವಿಲ್ಲ. ಆದರೂ ಸಿಟ್ಟು ಬಂತು.

ಮಗ್ಗಿನಲ್ಲಿ ನೀರು ತಂದಳು. ಎಡಪಾಲಿಗೆ ಸುರಿದಳು. ನೀರು ಚಪ್ಪಟೆಯಾಗಿ ಹರಡಿ ಹಾಗೇ ಕೂತಿತು. ಅಮರೇಶ ಬೆಚ್ಚಿಬಿದ್ದವನಂತೆ ಮುಂದೆ ಬಾಗಿದ. ಅವಳಿಗೆ ಬೆಚ್ಚುವಂಥದ್ದು ಅದರಲ್ಲೇನೂ ಕಾಣಲಿಲ್ಲ.

ಬಲಪಾಲಿಗೆ ಸುರಿದಳು. ನೀರು ಮಣಿ ಮಣಿಯಾಗಿ ಜಾರಿ ಬಂಪರಿನಿಂದ ಕೆಳಗೆ ಉದುರಿತು.

ಹೀಗಾಗಲು ಸಾಧ್ಯವೇ ಇರಲಿಲ್ಲ. ಇನ್ನೊಂದು ಮಗ್ಗು ಸುರಿದಳು. ಮತ್ತೆ ಮಣಿಗಳು. ಬೆರಳಿನಿಂದ ಮುಟ್ಟಿ ನೋಡಿದಳು, ಹೊಸದಾಗಿ ಹಚ್ಚಿದ ನುಣುಪು. ತಲೆಯೆತ್ತಿದರೆ ಅಮರೇಶ ತನ್ನ ಬೂಟಿನ ಲೇಸನ್ನು ಜೀವನದಲ್ಲಿ ಮೊದಲ ಸಲ ಕಂಡವನ ಹಾಗೆ ನೋಡುತ್ತಿದ್ದ.

"ಇದರ ಮ್ಯಾಲೆ ಏನರ ಹಚ್ಚೀರೇನ್ರಿ?"

"ನಿನ್ನೆ ಹಚ್ಚೀನ್ರಿ" ಎಂದ ಅವನು, ಮೆಲ್ಲಗೆ. "ನಿಮ್ಮ ಬಾಟ್ಲಿಯಂಥದೇ ಒಂದು ತಂದಿಟ್ಟೀನಿ. ಶನಿವಾರಕ್ಕೊಮ್ಮೆ ಹಚ್ಚತೀನಿ. ನಿಮ್ಮ ಪಾಲು ಸೋತ್ರ ಪಂದ್ಯ ಮುಗೀತದಲ್ರಿ. ನಾ ಮತ್ತ ಯಾವ ನೆವ ಹೇಳಿ ಬರಬೇಕಿತ್ತು?"

ಚಂದ್ರಕಲಾ ಮಗ್ಗನ್ನು ಕೆಳಗಿಟ್ಟಳು. "ಮತ್ತ ನಿಮ್ಮ ಪಾಲಿಗಿ ಯಾಕ ಹಚ್ಚಲಿಲ್ಲ?"

"ಅದಕ್ಕೇನಾಗತದ ಅನ್ಕೊಂಡೆ. ಇಷ್ಟು ಬ್ಯಾಸಿಗಿ ತಡದದ, ಯವ್ವನ ಪೌಡರ್ ಯಾವ ಲೆಕ್ಕ ಅಂತ."

"ಅದು ತಡದಿಲ್ರಿ!" ಅವಳ ದನಿ ಅಳುವಿಗೂ ನಗುವಿಗೂ ನಡುವೆ ಒಡೆಯಿತು. "ನೀವು ಚಾ ಕುಡಿಯಾಕ ಹೋದಾಗ ನಾ ಹಚ್ಚತಿದ್ದೆ."

ಬೇವಿನ ಕೆಳಗೆ ಪರಮಣ್ಣ ಪೇಪರಿನ ಹಾಳೆ ಮಗುಚುವುದನ್ನು ಯಾವಾಗಲೋ ನಿಲ್ಲಿಸಿದ್ದ. ತಿಮ್ಮವ್ವ ಇವಳನ್ನೊಮ್ಮೆ, ಮಗನನ್ನೊಮ್ಮೆ, ಒದ್ದೆ ಬಾನೆಟ್ಟನ್ನೊಮ್ಮೆ ನೋಡಿದಳು. ಅವಳ ಮುಖದಲ್ಲಿ ಏನಿದೆಯೆಂದು ಚಂದ್ರಕಲಾಳಿಗೆ ತಿಳಿಯಲಿಲ್ಲ.

"ಅಂದ್ರ ಆಕಿ ನಿಂದು ತಿಕ್ಯಾಳ, ನೀ ಆಕಿದು ತಿಕ್ಕೀದಿ. ಏನೂ ಗೊತ್ತಿಲ್ಲದ ನಾ ನಡುವ ಬಂದು ಎಲ್ಲಾ ತೊಳದೀನಿ" ಎಂದಳು ತಿಮ್ಮವ್ವ. "ಮತ್ತ ಮಾನ್ವಿಗಿ ಹೊಂಟಿದ್ದು ಯಾಕಲೇ?"

"ನೀ ಹಟ ಮಾಡಿದೆಲ್ಲಬೇ. ಫೋನ್ ಹಚ್ಚಿ ಇವರಿಗಿ ಹೇಳಿದೆ. ಬ್ಯಾಡ ಅಂತಾರೇನೋ ಅಂತ." ಅಮರೇಶ ಈಗ ಚಂದ್ರಕಲಾಳನ್ನೇ ನೋಡಿದ. "ಅವರು 'ಆಯ್ತ್ರಿ, ಬರ್ರಿ' ಅಂದ್ರು."

ಫೋನಿನ ಆ ಮೌನ ಅವಳಿಗೆ ಈಗ ಅರ್ಥವಾಯಿತು. ತನ್ನ ಮಾತಿಗೇ ಅವನು ಕಾದಿದ್ದ, ತಾನು ಕಾಲು ತೋಯಿಸಿಕೊಳ್ಳುತ್ತ ನಿಂತಿದ್ದಳು. ಅಪ್ಪ ಕೇಳಿಸಿಕೊಳ್ಳುತ್ತಿದ್ದ, ಅವನ ತಾಯಿ ಕೇಳಿಸಿಕೊಳ್ಳುತ್ತಿದ್ದಳು, ಎದುರಿನ ಹೋಟೆಲಿನವನೂ ಕತ್ತು ಚಾಚಿದ್ದ. ಈಗಲೂ ನುಂಗಿಕೊಂಡರೆ ಈ ಕಾರು ಸಿರವಾರವೋ ರಾಯಚೂರೋ, ಯಾವುದೋ ದಾರಿಯಲ್ಲಿ ಮಾನ್ವಿ ಸೇರುತ್ತದೆ.

"ಹೋಗಬ್ಯಾಡ್ರಿ" ಎಂದಳು.

ಅಮರೇಶನ ಕಣ್ಣಿನ ತುದಿಯಲ್ಲಿದ್ದ ನಗು ಆಗ ಮೊದಲ ಸಲ ಇಡೀ ಮುಖಕ್ಕೆ ಇಳಿಯಿತು.

ತಿಮ್ಮವ್ವ ಫೋನು ತೆಗೆದು, ಮಾನ್ವಿಯಲ್ಲಿ ಕಾಯುತ್ತಿದ್ದ ಸಂಬಂಧ ತಂದಾಕೆಗೆ ಹಚ್ಚಿದಳು. "ಮಾಫ್ ಮಾಡ ಬಸವಂತಮ್ಮ. ನಾವು ಬರಾಂಗಿಲ್ಲ. ನಮ್ಮ ಹುಡುಗ ದಾರ್ಯಾಗ ಇಳದಾನ." ಆಮೇಲೆ ಬೇವಿನ ಕಡೆ ತಿರುಗಿದಳು. "ಯಣ್ಣಾ, ಆ ಪೇಪರ್ ಮಡಚಿ ಇತ್ತ ಬಾ. ನಿನ್ನ ಕೂಡ ಮಾತಾಡೂದದ."

"ಚಾ ತರಸ್ಲೇನು, ಯಕ್ಕಾ?" ಎಂದ ಪರಮಣ್ಣ. ನೋಯುವ ಮೊಣಕಾಲನ್ನು ಮರೆತು ಎದ್ದೇಬಿಟ್ಟಿದ್ದ.

ತಿಮ್ಮವ್ವ ಬುಟ್ಟಿಯಿಂದ ಕುಂಕುಮದ ಭರಣಿ ತೆಗೆದಳು. ಶುಭಕಾರ್ಯಕ್ಕೆ ಹೊರಟ ಕಾರಿಗೆ ಕುಂಕುಮ ಇಡದೆ ಇರುತ್ತಾರೆಯೇ? ಬಾನೆಟ್ಟಿಗೆ ಕುಂಕುಮ ಹಚ್ಚಲು ಬಂದ ಎಷ್ಟು ಗಿರಾಕಿಗಳನ್ನು ಚಂದ್ರಕಲಾ ಬೈದು ಕಳಿಸಿದ್ದಳೋ! ಬಣ್ಣ ಕೆಡುತ್ತದೆ, ಕಲೆ ಹೋಗುವುದಿಲ್ಲ ಎಂದು ಬೋರ್ಡೇ ಹಾಕಿಸಿದ್ದಳು. ಇವತ್ತು ತುಟಿ ಕಚ್ಚಿಕೊಂಡು ನಿಂತಳು. ತಿಮ್ಮವ್ವ ಎರಡು ಪಾಲು ಕೂಡುವ ಕಡೆ, ಸರಿಯಾಗಿ ನಡುವೆ, ಒಂದು ದೊಡ್ಡ ಬೊಟ್ಟು ಇಟ್ಟಳು. ಬೆರಳಲ್ಲಿ ಉಳಿದದ್ದನ್ನು ಚಂದ್ರಕಲಾಳ ಹಣೆಗೆ ಒತ್ತಿದಳು.

"ಬಣ್ಣ ಕೆಡತದಂತ ಇದನ್ನೂ ಒರಸಿಗಿರಸೀಯ ಮತ್ತ!"